ಗೋಲಿ ನಿಲ್ಲದ ಭಾನುವಾರ

ಆ ಭಾನುವಾರ ಬೆಳಿಗ್ಗೆ ಆರೂಕಾಲಿಗೇ ನನ್ನ ಗೋಲಿ ಹರಿವಾಣದಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಗೇಟು ತೆಗೆದು ಇನ್ನೂ ಕಾಲು ಗಂಟೆ ಆಗಿಲ್ಲ, ಒಳಗೆ ಬಂದವರು ಹತ್ತೋ ಹನ್ನೆರಡೋ ಜನ, ಆದರೂ ಅದು ಒಮ್ಮೆ ಮೂಡಲ ಕಡೆಗೆ, ಒಮ್ಮೆ ಪಡುವಲ ಕಡೆಗೆ ಉರುಳಾಡುತ್ತಾ ಕಿಣಿಕಿಣಿ ಸದ್ದು ಮಾಡುತ್ತಿತ್ತು. ಅಯ್ಯೋ ಭಗವಂತಾ, ಈಗಲೇ ಹೀಗಾದರೆ ಹತ್ತು ಗಂಟೆಗೆ ಏನು ಗತಿ ಅಂದುಕೊಂಡೆ. ಹೆದರಿಕೆ ಆಗಿದ್ದು ನಿಜ. ಆದರೆ ಸುಳ್ಳು ಯಾಕೆ ಹೇಳಲಿ, ಹೆದರಿಕೆಗಿಂತ ಒಂದು ಪಾಲು ಹೆಚ್ಚಾಗಿ ಹುಮ್ಮಸ್ಸೇ ಇತ್ತು. ಸೆರಗು ಬಿಗಿದು ಸಿಕ್ಕಿಸಿಕೊಂಡು ಸೀಟಿ ಕೊರಳಿಗೆ ಹಾಕಿಕೊಂಡೆ.

ನನ್ನ ಹೆಸರು ಭಾಗೀರಥಿ. ಊರಿನ ದೊಡ್ಡ ಪಾರ್ಕಿನಲ್ಲಿ ಮಟ್ಟ ನೋಡುವ ಕೆಲಸ ನನ್ನದು. ನಮ್ಮ ಪಾರ್ಕು ಖುಷಿ ಎಲ್ಲಿ ಹೆಚ್ಚೋ ಆ ಕಡೆಗೆ ವಾಲುತ್ತದೆ. ಬೇಜಾರು, ಜಗಳ, ಗೊಣಗಾಟ ಎಲ್ಲಿ ಹೆಚ್ಚೋ ಆ ಕಡೆ ಮೇಲೇಳುತ್ತದೆ. ಭಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆನೆ ಬಂದು ನಿಂತರೂ ನೆಲ ಅಲ್ಲಾಡುವುದಿಲ್ಲ, ಆನೆ ನೋಡಿ ಮಗುವೊಂದು ಚಪ್ಪಾಳೆ ತಟ್ಟಿತೋ, ಅತ್ತ ಬಾಗಿಬಿಡುತ್ತದೆ. ಮಧ್ಯದಲ್ಲಿ ಒಂದು ಕೊಳ, ಕೊಳದ ಪಕ್ಕ ಮೋಟು ಕಲ್ಲುಕಂಬ, ಕಂಬದ ಮೇಲೆ ನನ್ನ ಹಿತ್ತಾಳೆ ಹರಿವಾಣ, ಹರಿವಾಣದಲ್ಲಿ ಒಂದು ಗಾಜಿನ ಗೋಲಿ. ಗೋಲಿ ಎತ್ತ ಓಡಿತೋ ಅತ್ತ ಖುಷಿ ಜಾಸ್ತಿಯಾಗಿದೆ ಅಂತ ಲೆಕ್ಕ. ಎದ್ದು ಹೋಗಿ ಸರಿಮಾಡಬೇಕು.

ಊರವರಿಗೆ ಇದು ಹುಟ್ಟಿದಾಗಿನಿಂದ ಅಭ್ಯಾಸ. ಕಡಲೆಕಾಯಿ ಗಾಡಿಯವನು ಚಕ್ರಕ್ಕೆ ಕಲ್ಲು ಕೊಡದೆ ತಕ್ಕಡಿ ಮುಟ್ಟುವುದಿಲ್ಲ. ಬುತ್ತಿ ತರುವವರು ಮುಚ್ಚಳ ಗಟ್ಟಿಯಿರುವ ಡಬ್ಬಿಯನ್ನೇ ತರುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಕೂಡ ನಮ್ಮಲ್ಲಿ ಪಾರ್ಕಿನಲ್ಲೇ. ಹುಡುಗನನ್ನೂ ಹುಡುಗಿಯನ್ನೂ ಒಂದು ಬೆಂಚಿನ ಮೇಲೆ ಕೂರಿಸಿ, ಎರಡೂ ಮನೆಯವರು ನನ್ನ ಹತ್ತಿರ ಬಂದು, "ಗೋಲಿ ಏನಾದ್ರೂ ಅಲ್ಲಾಡ್ತಾ ಭಾಗೀರಥಮ್ಮಾ?" ಅಂತ ಪಿಸುಗುಡುತ್ತಾರೆ. ಅಲ್ಲಾಡದಿದ್ದರೆ ಉಪ್ಪಿಟ್ಟು ತಿಂದು ಎದ್ದು ಹೋಗುತ್ತಾರೆ, ಯಾರಿಗೂ ಮನಸ್ತಾಪವಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಊರಿಗೆಲ್ಲ ಇರುವುದು ಇದೊಂದೇ ಪಾರ್ಕು. ನಡೆಯುವವರಿಗೂ ಇದೇ ಬೇಕು, ಯೋಗದವರಿಗೂ ಇದೇ ಬೇಕು, ನಾಯಿ ತರುವವರಿಗೂ, ಮದುವೆ ಫೋಟೊ ತೆಗೆಸುವವರಿಗೂ, ಹಪ್ಪಳ ಒಣಗಿಸುವ ಮಹಿಳಾ ಸಂಘದವರಿಗೂ. ಒಬ್ಬರಿಗೆ ಖುಷಿ ಹೆಚ್ಚಾದರೆ ಇನ್ನೊಬ್ಬರ ಸಾಮಾನೆಲ್ಲ ಅತ್ತ ಉರುಳುತ್ತದೆ. ಯೋಗದವರ ಚಾಪೆ ನಾಯಿಯವರ ಕಡೆಗೆ, ಹಪ್ಪಳ ಫೋಟೊದವರ ಕಡೆಗೆ. ಆಮೇಲೆ ಶುರು ನೋಡಿ ಜಗಳ! ಅದಕ್ಕೇ ಪುರಸಭೆಯವರು ನನಗೆ ಒಂದು ಪುಸ್ತಕ ಕೊಟ್ಟಿದ್ದಾರೆ. ಯಾರಿಗೆ ಯಾವ ಹೊತ್ತು, ಯಾವ ಮೂಲೆ ಅಂತ ಹಂಚಿ ಬರೆಯುವುದು, ಒಂದು ಕಡೆ ಆಟವಿದ್ದರೆ ಎದುರು ಕಡೆ ಹಾಡು ಇಡುವುದು. ಖುಷಿಗೆ ಖುಷಿ ಎದುರಾದರೆ ನೆಲ ಸಮ. ತೀರಾ ಕೈಮೀರಿದರೆ ವಾಲಿದ ಕಡೆಗೆ ಹೋಗಿ ಪಾರ್ಕಿನ ನಿಯಮಾವಳಿಯನ್ನು ಗಟ್ಟಿಯಾಗಿ ಓದುತ್ತೇನೆ. ಹದಿನಾಲ್ಕನೇ ನಿಯಮ ಮುಗಿಯುವುದರೊಳಗೆ ಆ ಮೂಲೆ ಗೇಣುದ್ದ ಮೇಲೇಳುತ್ತದೆ.

ಆದರೂ ಆ ವರ್ಷ ಎರಡು ಸಲ ಸೋತಿದ್ದೆ. ಒಮ್ಮೆ ಪಡುವಲ ಕಡೆ ಯಾರದೋ ಅರವತ್ತರ ಶಾಂತಿಯ ಕೋಲಾಟ ಜೋರಾಗಿ, ಕೊಳದ ನೀರೆಲ್ಲ ಆ ದಡ ಹಾರಿ ಟೈಲರ್ ಅಂಗಡಿಗೆ ನುಗ್ಗಿತು. ಇನ್ನೊಮ್ಮೆ ಮೂಡಲ ಕಡೆ ನುಗ್ಗಿ ಹಿಟ್ಟಿನ ಗಿರಣಿಯ ಮೂಟೆಗಳು ನೆನೆದು, ಇಡೀ ಬೀದಿಗೆ ರೊಟ್ಟಿ ತಟ್ಟುವಷ್ಟು ಹಿಟ್ಟು ತಾನಾಗಿ ಕಲೆಸಿಹೋಯಿತು. ಪುರಸಭೆಯವರು ಠರಾವು ಮಾಡಿದರು. ಇನ್ನೊಂದು ಸಲ ಯಾವ ಬೀದಿಗೆ ನೀರು ಹೋದರೂ ಪಾರ್ಕನ್ನು ಜಾಲರಿ ಬೇಲಿ ಹಾಕಿ ನಾಲ್ಕು ತುಂಡು ಮಾಡುವುದು. ಒಂದೊಂದು ತುಂಡು ಒಂದೊಂದು ಬಗೆಯವರಿಗೆ, ಒಬ್ಬರು ಇನ್ನೊಬ್ಬರ ಕಡೆಗೆ ಕಾಲಿಡುವಂತಿಲ್ಲ. ಕಬ್ಬಿಣದ ಕಂಬಗಳನ್ನು ತಂದು ತೆಂಕಲು ಗೇಟಿನ ಹೊರಗೆ ಪೇರಿಸಿಯೂ ಆಗಿತ್ತು. ದಿನಾ ಬೆಳಿಗ್ಗೆ ಅವನ್ನು ದಾಟಿಕೊಂಡೇ ನಾನು ಒಳಗೆ ಹೋಗಬೇಕಿತ್ತು. ಬೇಲಿ ಬಿದ್ದರೆ ನನ್ನ ಕೆಲಸ ಹೋಗುತ್ತದೆ, ಅದಿರಲಿ, ಕೆಲಸ ಇನ್ನೊಂದು ಸಿಗಬಹುದು. ಆ ಜಾಲರಿಯ ಆಚೆ ಈಚೆ ನಿಂತು ಜನ ಒಬ್ಬರನ್ನೊಬ್ಬರು ನೋಡುವುದನ್ನು ನೆನೆಸಿಕೊಂಡರೇ ನನಗೆ ತಡೆಯಲು ಆಗುತ್ತಿರಲಿಲ್ಲ.

ಪುರಸಭೆಯ ಇಂಜಿನಿಯರ್ ಹಾಲಪ್ಪನವರು ಕೆಟ್ಟವರೇನಲ್ಲ. "ನಾನು ಖುಷಿಗೆ ವಿರೋಧಿ ಅಲ್ಲ ಭಾಗೀರಥಮ್ಮ," ಅಂದಿದ್ದರು ಕಂಬ ಇಳಿಸಿದ ದಿನ. "ಆದ್ರೆ ಆ ಗಿರಣಿ ಮುಂದೆ ಮೊಣಕಾಲುದ್ದ ಹಿಟ್ಟಿನ ಅಂಟು ಬಳಿದು ಹಾಕಿದ್ದು ನಾನು ಕಣ್ರೀ. ಮೂರು ದಿನ ನನ್ನ ಬೂಟು ನೆಲ ಬಿಟ್ಟು ಬರಲಿಲ್ಲ." ಅವರು ಪಾರ್ಕಿಗೆ ಬರುತ್ತಿದ್ದದ್ದು ಅಳತೆ ಟೇಪು ಹಿಡಿದು ಮಾತ್ರ. ಒಂದು ದಿನ ಕೂಡ ಬೆಂಚಿನ ಮೇಲೆ ಕೂತವರಲ್ಲ.

ಇಂಥ ಹೊತ್ತಿನಲ್ಲಿ ಒಂದೇ ಭಾನುವಾರಕ್ಕೆ ಎರಡು ಹಬ್ಬ ಬಿದ್ದವು! ನಗೆಕೂಟದ ಹತ್ತನೇ ವಾರ್ಷಿಕೋತ್ಸವ, ಮತ್ತು ಬಸ್ ಡಿಪೋದವರಿಗೂ ತರಕಾರಿ ಮಾರ್ಕೆಟ್ಟಿನವರಿಗೂ ಕ್ರಿಕೆಟ್ ಫೈನಲ್. ನಗೆಕೂಟದ ಅಧ್ಯಕ್ಷರು ನಾಗಭೂಷಣ ಮೇಷ್ಟ್ರು, ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಡಿಪೋ ಟೀಮಿನ ಕ್ಯಾಪ್ಟನ್ ಮಸ್ತಾನ್, ಬಸ್ಸಿನ ಕಂಡಕ್ಟರು. ಇಬ್ಬರನ್ನೂ ಕಂಬದ ಹತ್ತಿರ ಕರೆಸಿ, ಯಾರಾದರೂ ಒಬ್ಬರು ದಿನ ಬದಲಿಸಿ ಅಂತ ಕೈಮುಗಿದೆ.

"ಮೇಡಂ, ನಮ್ ಹನ್ನೊಂದು ಜನಕ್ಕೂ ಒಟ್ಟಿಗೆ ರಜಾ ಸಿಗೋದು ಅಂದ್ರೆ ಸೂರ್ಯಗ್ರಹಣ ಇದ್ದಂಗೆ," ಅಂದ ಮಸ್ತಾನ್. "ಮೇಷ್ಟ್ರಿಗೇನು, ನಗೋದು ಯಾವತ್ತಾದ್ರೂ ನಗಬಹುದು."

"ಏನೋ ಅಂದೆ?" ಮೇಷ್ಟ್ರು ಕನ್ನಡಕ ಮೇಲೇರಿಸಿದರು. "ಆಡೋರು ರಸ್ತೇಲೂ ಆಡಬಹುದು. ನಾವು ರಸ್ತೇಲಿ ನಿಂತು ನಕ್ಕರೆ ಆಂಬುಲೆನ್ಸು ಬರುತ್ತೆ!"

ಅವರಿಬ್ಬರೂ ನಿಂತ ಕಡೆ ನೆಲ ನಾಲ್ಕು ಬೆರಳು ಎದ್ದು, ಗೋಲಿ ನನ್ನ ಕಡೆಗೆ ಓಡಿ ಬಂತು. ಸಾಕಪ್ಪಾ ಸಾಕು, ಇಬ್ಬರೂ ಮಾಡಿಕೊಳ್ಳಿ ಅಂದುಬಿಟ್ಟೆ. ಆಟ ಮೂಡಲ ಕಡೆ, ನಗು ಪಡುವಲ ಕಡೆ. ಆಟದವರು ಕೂಗಿ ಕುಣಿದಾಗಲೆಲ್ಲ ನಾನು ಹಸಿರು ಬಾವುಟ ಎತ್ತುತ್ತೇನೆ, ಆಗ ನಗೆಕೂಟದವರು ಜೋರಾಗಿ ನಗಬೇಕು. ಸಮ ಆಗುತ್ತದೆ. ಅದೂ ಸಾಲದಿದ್ದರೆ ನನ್ನ ಹತ್ತಿರ ಗುರುಪಾದಪ್ಪನವರು ಇದ್ದರು.

ಗುರುಪಾದಪ್ಪನವರ ವಿಷಯ ಹೇಳಲೇಬೇಕು. ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಒಂಟಿ ಜೀವ. ಪಕ್ಕದ ಊರಿನಲ್ಲಿರುವ ಒಡಹುಟ್ಟಿದ ತಮ್ಮ, ಏನೋ ಮಾತಿಗೆ ಮಾತು ಬೆಳೆದು, ಹದಿನೈದು ವರ್ಷದಿಂದ ಇವರಿಗೆ ಒಂದು ಸಾಲು ಬರೆದಿಲ್ಲ. ಊರಿನ ಕಾಗದವೆಲ್ಲ ಕೈಯಲ್ಲಿ ಹಾದುಹೋಗಿ, ತಮಗೆ ಬೇಕಾದ ಒಂದು ಬರದೇ ಹೋದರೆ ಮನುಷ್ಯ ಹೇಗಾಗಬೇಕೋ ಹಾಗಿದ್ದರು. ಮಡಿಸಿದ ಕೊಡೆ, ಅವಲಕ್ಕಿ ಡಬ್ಬಿ ಹಿಡಿದು ಆರು ವರ್ಷದಿಂದ ದಿನಾ ಬರುತ್ತಿದ್ದರು. ಅವರು ಕೂತ ಕಡೆ ನೆಲ ಏರುತ್ತಿತ್ತು. ಅಷ್ಟು ನಂಬಿಕಸ್ತ ಬೇಸರ ನಾನು ಬೇರೆಲ್ಲೂ ಕಂಡಿಲ್ಲ! "ಗುರುಪಾದಪ್ಪನೋರೇ, ಇವತ್ತು ಸ್ವಲ್ಪ ಬಡಗಲ ಕಡೆ ಕೂತ್ಕೋತೀರಾ?" ಅಂದರೆ ಕೊಡೆ ಎತ್ತಿಕೊಂಡು ಹೋಗುತ್ತಿದ್ದರು. ಯಾಕೆ ಅಂತ ಒಂದು ದಿನವೂ ಕೇಳಿದವರಲ್ಲ.

ಇನ್ನೊಂದು ಮಾತು ಇದೆ, ಹೇಳಲು ನಾಚಿಕೆ. ತೀರಾ ಅವಸರ ಬಿದ್ದಾಗ, ಎರಡು ಸಲ, ನಾನು ಅವರ ಪಕ್ಕ ಹೋಗಿ, "ತಮ್ಮನಿಂದ ಕಾಗದ ಏನಾದ್ರೂ ಬಂತಾ?" ಅಂತ ಬೇಕೆಂದೇ ಕೇಳಿದ್ದೆ. ಎರಡು ಸಲವೂ ಆ ಮೂಲೆ ತಟಕ್ಕನೆ ಮೊಳದುದ್ದ ಎದ್ದಿತ್ತು. ನನ್ನ ಪುಸ್ತಕದಲ್ಲಿ ನಾಯಿಗಳಿಗೂ ಒಂದು ಹೊತ್ತು ಇತ್ತು, ಹಪ್ಪಳಕ್ಕೂ ಇತ್ತು, ಗುರುಪಾದಪ್ಪನವರಿಗೆ ಇರಲಿಲ್ಲ. ಅವರ ಹೆಸರು ಕೊನೆಯ ಹಾಳೆಯಲ್ಲಿ, ಸಾಮಗ್ರಿಯ ಪಟ್ಟಿಯಲ್ಲಿತ್ತು. ಹರಿವಾಣ ಒಂದು, ಗೋಲಿ ಎರಡು, ಸೀಟಿ ಒಂದು, ಬಾವುಟ ಎರಡು, ಗುರುಪಾದಪ್ಪ ಒಂದು.

ಸರಿ, ಭಾನುವಾರ ಬಂತು. ಏಳೂವರೆಗೆ ಆಟ ಶುರು, ಎಂಟಕ್ಕೆ ನಗೆಕೂಟ. ಅಬ್ಬಬ್ಬಾ, ಎಂಥ ಜನ! ಮೂಡಲ ಕಡೆ ತಮಟೆ, ಪಡುವಲ ಕಡೆ ಮೈಕು. ಹಾಲಪ್ಪನವರು ತೆಂಕಲು ಗೇಟಿನ ಹತ್ತಿರ, ತಮ್ಮ ಕಂಬಗಳ ಪಕ್ಕ, ಟೇಪು ಹಿಡಿದು ಕಾವಲು ನಿಂತಿದ್ದರು. ಎಂಟು ದಾಟಿದ್ದೇ ತಡ, ಡಿಪೋದವರು ಒಂದು ಸಿಕ್ಸರ್ ಎತ್ತಿದರು. ನೆಲ ಮೂಡಲಿಗೆ ಜಗ್ಗಿತು. ನಾನು ಹಸಿರು ಬಾವುಟ ಎತ್ತಿದೆ. ಪಡುವಲ ಕಡೆಯಿಂದ ಅರವತ್ತು ಜನ ಒಟ್ಟಿಗೆ, "ಹ್ಹ ಹ್ಹ ಹ್ಹಾ! ಹೊ ಹೊ ಹೋ!" ಅಂದರು. ಕಿವಿ ತೂತಾಗುವ ಹಾಗೆ ನಕ್ಕರು. ಗೋಲಿ ಮಾತ್ರ ಅತ್ತ ತಿರುಗಿಯೂ ನೋಡಲಿಲ್ಲ.

ಓಡಿ ಹೋದೆ. "ಮೇಷ್ಟ್ರೇ, ನಿಜವಾಗಿ ನಗ್ರೀ!"

"ಬಾವುಟಕ್ಕೆ ನಗೋದು ಅಂದ್ರೆ ಹೇಗಮ್ಮಾ ನಿಜ ಆಗುತ್ತೆ?" ಮೇಷ್ಟ್ರು ಬೆವರು ಒರೆಸಿಕೊಂಡರು. "ಹತ್ತು ವರ್ಷದಿಂದ ವ್ಯಾಯಾಮದ ನಗು ನಕ್ಕು ನಕ್ಕು, ಅಸಲಿ ನಗು ಹೇಗಿತ್ತು ಅನ್ನೋದೇ ಮರೆತುಹೋಗಿದೆ ನಮಗೆ."

ಅಷ್ಟರಲ್ಲಿ ಮೂಡಲ ಕಡೆ ಇನ್ನೊಂದು ಬೌಂಡರಿ. ನೆಲ ಇನ್ನಷ್ಟು ಜಾರಿತು. ವಾರ್ಷಿಕೋತ್ಸವಕ್ಕೆಂದು ಮೇಜಿನ ಮೇಲೆ ಗೋಪುರ ಕಟ್ಟಿಟ್ಟಿದ್ದ ಲಾಡು ಒಂದೊಂದಾಗಿ ಉರುಳಲು ಶುರುವಾದವು. ಒಂದು, ಎರಡು, ಇಪ್ಪತ್ತು, ಅಷ್ಟೂ ಲಾಡು ಹುಲ್ಲಿನ ಮೇಲೆ ದಂಡೆತ್ತಿ ಹೊರಟವು! ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಅಟ್ಟಿಸಿಕೊಂಡು ಹೋದರು. ಸನ್ಮಾನಕ್ಕೆ ಬಂದ ಅತಿಥಿಗಳು ಹಾರ ಹಾಕಿಕೊಂಡೇ ನೆಲಕ್ಕೆ ಬಿದ್ದು ಒಂದು ಲಾಡು ಹಿಡಿದರು. ಅದನ್ನು ನೋಡಿ ಯಾರೋ ಒಬ್ಬ ಹೆಂಗಸು ಕಿಸಕ್ಕೆಂದಳು ನೋಡಿ, ಇಡೀ ನಗೆಕೂಟ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಿತು. ಅದು ಅಸಲಿ ನಗು! ಗೋಲಿ ಸರ್ರನೆ ನಡುವಿಗೆ ಬಂದು, ಅಲ್ಲೂ ನಿಲ್ಲದೆ ಪಡುವಲಿಗೆ ಓಡಿತು. ಲಾಡು ಅರ್ಧದಾರಿಯಿಂದ ತಿರುಗಿ ಮೇಷ್ಟ್ರ ಕಾಲ ಬುಡಕ್ಕೇ ಬಂದವು. ಅವುಗಳ ಹಿಂದೆಯೇ ಕ್ರಿಕೆಟ್ ಚೆಂಡು ಕೂಡ ತಾನಾಗಿ ಉರುಳಿ ಗೆರೆ ದಾಟಿತು. ನಾಲ್ಕು ರನ್ನು ಕೊಡಬೇಕು ಅಂತ ಡಿಪೋದವರು, ಕೊಡಲ್ಲ ಅಂತ ಮಾರ್ಕೆಟ್ಟಿನವರು. ಜಗಳಕ್ಕೆ ಮೂಡಲು ಮೇಲೆದ್ದಿತು. ನಾನು ಇತ್ತ ಓಡುವುದು, ಅತ್ತ ಓಡುವುದು, ಸೀಟಿ ಊದುವುದು, ಇಲ್ಲಿ ನಿಯಮಾವಳಿ, ಅಲ್ಲಿ ಸಮಾಧಾನ. ಉಸಿರು ಬಾಯಿಗೆ ಬಂದಿತ್ತು. ಆದರೂ ಹೇಳುತ್ತೇನೆ, ಆ ಒಂದೂವರೆ ಗಂಟೆ ನನಗೆ ರೆಕ್ಕೆ ಬಂದಂತಿತ್ತು. ನೀರು ದಡದ ಒಳಗೇ ಇತ್ತು.

ಒಂಬತ್ತೂ ಮುಕ್ಕಾಲರ ಹೊತ್ತಿಗೆ ಡಿಪೋದವರ ಒಬ್ಬ ಆಟಗಾರನಿಗೆ ಕರೆ ಬಂತು. ಯಾರೋ ಡ್ರೈವರಿಗೆ ಜ್ವರ, ತಕ್ಷಣ ಡ್ಯೂಟಿಗೆ ಬಾ ಅಂತ. ಅವನು ಮುಖ ಸಪ್ಪೆ ಮಾಡಿಕೊಂಡು ಹೊರಟ. ಉಳಿದದ್ದು ಮೂರೇ ಓವರು. ಮಸ್ತಾನ್ ಸುತ್ತ ನೋಡಿದ. ಗೆರೆಯ ಪಕ್ಕದ ಬೆಂಚಿನಲ್ಲಿ, ನಾನು ಕೂರಿಸಿದಲ್ಲೇ, ಗುರುಪಾದಪ್ಪನವರು ಕೊಡೆಯ ಮೇಲೆ ಗಲ್ಲ ಊರಿ ಕೂತಿದ್ದರು.

"ಅಜ್ಜಾ, ಸ್ವಲ್ಪ ಇಲ್ಲಿ ಗೆರೆ ಹತ್ರ ನಿಂತ್ಕೋತೀರಾ? ಏನೂ ಮಾಡೋದು ಬೇಡ, ಲೆಕ್ಕಕ್ಕೆ ಹನ್ನೊಂದು ಜನ ಆದ್ರೆ ಸಾಕು."

ನಾನು ಅಡ್ಡ ಬಂದೆ. "ಲೋ ಮಸ್ತಾನ್, ಅವರು ಬೇಡಪ್ಪ. ಅವರು ಕೂತಲ್ಲೇ ಇರಬೇಕು. ಅವರು ನನಗೆ ಬೇಕು."

ಗುರುಪಾದಪ್ಪನವರು ತಲೆಯೆತ್ತಿ ನನ್ನನ್ನೇ ನೋಡಿದರು. ಆರು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ಏನೋ ಕೇಳಿದ್ದು. "ನಾನೂ ಆಡ್ಲಾ ಭಾಗೀರಥಮ್ಮ?"

ಒಂದು ಕ್ಷಣ ಯೋಚಿಸಿದೆ. ಯೋಚಿಸಿದ್ದು ಏನು ಗೊತ್ತೇ? ಎಪ್ಪತ್ತರ ಹತ್ತಿರದ ಮನುಷ್ಯ, ಚೆಂಡು ಬಂದರೆ ಖಂಡಿತ ಬಿಡುತ್ತಾರೆ, ಎಲ್ಲರೂ ಬೈಯುತ್ತಾರೆ, ಇನ್ನೂ ಬೇಜಾರಾಗುತ್ತಾರೆ, ನೆಲ ಇನ್ನೂ ಏರುತ್ತದೆ, ನನಗೆ ಒಳ್ಳೆಯದೇ ಆಯಿತು! ಅಷ್ಟು ಕೆಟ್ಟ ಲೆಕ್ಕ ಹಾಕಿದೆ ನಾನು. ಹಾಕಿ, "ಆಡಿ, ಆಡಿ, ಅದಕ್ಕೇನಂತೆ," ಅಂತ ನಕ್ಕೆ. ಅವರು ಕೊಡೆಯನ್ನು ಬೆಂಚಿನ ಮೇಲಿಟ್ಟು, ಚಪ್ಪಲಿ ಜೋಡಿಸಿಟ್ಟು, ಪಂಚೆ ಕಟ್ಟಿ ಹೋಗಿ ನಿಂತರು.

ಕೊನೆಯ ಓವರು, ಕೊನೆಯ ಚೆಂಡು. ಮಾರ್ಕೆಟ್ಟಿನವರಿಗೆ ನಾಲ್ಕು ರನ್ನು ಬೇಕು. ಬ್ಯಾಟು ಹಿಡಿದವನು ಈರುಳ್ಳಿ ಮಂಡಿಯ ದಢೂತಿ ಆಸಾಮಿ. ತಮಟೆ ನಿಂತಿತು. ನಗೆಕೂಟದವರೂ ಲಾಡು ಬಾಯಲ್ಲಿಟ್ಟುಕೊಂಡು ಇತ್ತಲೇ ನೋಡುತ್ತಿದ್ದರು. ಮಸ್ತಾನ್ ಚೆಂಡು ಹಾಕಿದ. ಆಸಾಮಿ ಎಳೆದು ಬಾರಿಸಿದ ನೋಡಿ! ಚೆಂಡು ಮೇಲೆ, ಮೇಲೆ, ಬೇವಿನ ಮರದ ತುದಿಗಿಂತ ಮೇಲೆ ಹೋಗಿ, ಸಣ್ಣ ಚುಕ್ಕಿಯಾಗಿ, ತಿರುಗಿ ಇಳಿಯತೊಡಗಿತು. ಅದು ಇಳಿಯುತ್ತಿದ್ದದ್ದು ಸೀದಾ ಗುರುಪಾದಪ್ಪನವರ ತಲೆಯ ಮೇಲೆ.

"ಅಜ್ಜಾ! ಅಜ್ಜಾ!" ಅಂತ ಮಸ್ತಾನ್ ಕಿರುಚಿದ. ಅವರು ಓಡಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಎದೆಯ ಮುಂದೆ ಬೊಗಸೆ ಮಾಡಿ, ಕಣ್ಣು ಮುಚ್ಚಿಬಿಟ್ಟರು. ಚೆಂಡು ಬೊಗಸೆಯಲ್ಲಿ ಬಂದು ಕೂತಿತು!

ಗುರುಪಾದಪ್ಪನವರು ಕಣ್ಣು ತೆರೆದರು. ಬೊಗಸೆ ನೋಡಿದರು. ಆಮೇಲೆ ಅವರ ಗಂಟಲಿನಿಂದ ಒಂದು ಕೇಕೆ ಬಂತು, ನಾನು ಅಂಥ ಕೇಕೆ ಕೇಳಿಯೇ ಇಲ್ಲ. ಚೆಂಡನ್ನು ಮೇಲೆತ್ತಿ ಹಿಡಿದು ಕುಣಿದರು. ಹದಿನೈದು ವರ್ಷದಿಂದ ಎತ್ತಲೋ ಸೇರಿಕೊಂಡಿದ್ದ ಖುಷಿಯೆಲ್ಲ ಒಂದೇ ಸಲ ಹೊರಗೆ ಬಂದಿತ್ತು. ನೆಲ ಮೂಡಲಿಗೆ ಮಗುಚಿಯೇ ಹೋಯಿತು ಅನ್ನಿ. ಬೆಂಚುಗಳು ಜಾರಿದವು, ಕಡಲೆಕಾಯಿ ಗಾಡಿ ಚಕ್ರದ ಕಲ್ಲು ಹಾರಿ ಹೊರಟಿತು, ನನ್ನ ಗೋಲಿ ಹರಿವಾಣದ ಅಂಚು ಹಾರಿ ಹುಲ್ಲಿಗೆ ಬಿತ್ತು. ಕೊಳದ ನೀರು ಮೂಡಲ ದಡದ ಮೇಲೆ ಗೋಡೆಯ ಹಾಗೆ ಎದ್ದು ನಿಂತು, ತುದಿಯಿಂದ ತೊಟ್ಟಿಕ್ಕತೊಡಗಿತು. ತೆಂಕಲು ಗೇಟಿನಿಂದ ಹಾಲಪ್ಪನವರು ನೋಡುತ್ತಿದ್ದರು. ಕೆಳಗೆ ಬೀದಿಯಲ್ಲಿ ಗಿರಣಿಯವನು ಮೂಟೆ ಎತ್ತಿಡುತ್ತಾ ಬೊಬ್ಬೆ ಹೊಡೆಯುವುದು ಕೇಳುತ್ತಿತ್ತು.

ನಾನು ಗುರುಪಾದಪ್ಪನವರ ಕಡೆಗೆ ಓಡಿದೆ. ಓಡಿದೆನೋ ಜಾರಿದೆನೋ. ನನಗೆ ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಒಂದೇ ಒಂದು ಮಾತು ಸಾಕು. ತಮ್ಮನಿಂದ ಕಾಗದ ಬಂತಾ, ಅಷ್ಟೇ. ನೆಲ ತಟಕ್ಕನೆ ಏರುತ್ತದೆ, ನೀರು ಹಿಂದಕ್ಕೆ ಹೋಗುತ್ತದೆ, ಪಾರ್ಕು ಉಳಿಯುತ್ತದೆ, ಕಂಬಗಳು ಇದ್ದಲ್ಲೇ ತುಕ್ಕು ಹಿಡಿಯುತ್ತವೆ. ಮಾತು ನಾಲಿಗೆಯ ತುದಿಯಲ್ಲಿತ್ತು. ಬಾಯಿ ಕೂಡ ತೆರೆದಿದ್ದೆ.

ಅವರು ನನ್ನನ್ನು ಕಂಡು, "ಭಾಗೀರಥಮ್ಮಾ, ಹಿಡಿದುಬಿಟ್ಟೆ! ನೋಡಿ, ಹಿಡಿದುಬಿಟ್ಟೆ!" ಅಂತ ಚೆಂಡು ತೋರಿಸಿದರು.

ನನ್ನ ಕೈಲಿ ಆಗಲಿಲ್ಲ. ಪಾರ್ಕು ಹೋದರೆ ಹೋಗಲಿ, ನಾಲ್ಕಲ್ಲ ನಲವತ್ತು ತುಂಡಾಗಲಿ, ನನ್ನ ಕೈಲಿ ಆಗಲಿಲ್ಲ. ಏನು ಮಾಡುವುದು ಅಂತ ತಿಳಿಯದೆ ಹಿಂತಿರುಗಿ ನೋಡಿದೆ. ಖಾಲಿ ಹರಿವಾಣ, ಅದರ ಪಕ್ಕ ಕೊಳ. ಆಗ ಹೊಳೆಯಿತು! ಇಷ್ಟು ವರ್ಷ ನಾಲ್ಕು ದಿಕ್ಕು ಹಂಚಿದ್ದೇ ಹಂಚಿದ್ದು. ಕೊಳದಲ್ಲಿ ಇಳಿಯಬಾರದು ಅಂತ ಬೋರ್ಡು ಹಾಕಿದ್ದರಿಂದ, ಮಧ್ಯ ಅಂತ ಒಂದು ಜಾಗ ಇದೆ ಅನ್ನುವುದೇ ನನ್ನ ತಲೆಗೆ ಬಂದಿರಲಿಲ್ಲ. ಖುಷಿ ನಟ್ಟನಡುವೆ ಇದ್ದರೆ ನೆಲ ಎತ್ತ ತಾನೇ ವಾಲೀತು?

"ಮಧ್ಯಕ್ಕೆ ಓಡಿ!" ಅಂತ ಕೂಗಿದೆ. "ಗುರುಪಾದಪ್ಪನೋರೇ, ಕೊಳಕ್ಕೆ! ಕೊಳಕ್ಕೆ ಇಳೀರಿ! ಮಸ್ತಾನ್, ಎತ್ಕೊಂಡು ಹೋಗೋ ಅವರನ್ನ!"

ಹೇಳಿದ್ದೇ ತಡ, ಡಿಪೋದವರು ಗುರುಪಾದಪ್ಪನವರನ್ನು ಹೆಗಲ ಮೇಲೆ ಹೊತ್ತು, ಏರು ಹತ್ತಿ ಓಡಿದರು. ದಡದ ಮೇಲೆ ಗೋಡೆಯಂತೆ ನಿಂತ ನೀರನ್ನೇ ಸೀಳಿಕೊಂಡು ಕೊಳಕ್ಕೆ ಧುಮುಕಿದರು. ಸೋತ ಮಾರ್ಕೆಟ್ಟಿನವರೂ ಅವರನ್ನು ಒಮ್ಮೆ ಮುಟ್ಟಲೆಂದು ಧುಮುಕಿದರು. ಪಡುವಲ ಕಡೆಯಿಂದ ಮೇಷ್ಟ್ರು, "ನಾವ್ಯಾಕೆ ಇಲ್ಲಿ ನಿಂತಿದೀವಿ, ನಡೀರೋ!" ಅಂದರು. ಅರವತ್ತು ಜನ ನಗೆಕೂಟದವರು ಹಾರ, ಶಾಲು, ಲಾಡು ಸಮೇತ ಬಂದು ಬಿದ್ದರು. ಅವರ ಹಿಂದೆಯೇ ಆಟ ನೋಡಲು ಬಂದವರೆಲ್ಲ ಇಳಿದರು. ಸೊಂಟದ ಮಟ್ಟದ ನೀರು ಎದೆಗೆ ಬಂತು. ಇನ್ನೂರು ಜನ ಒಬ್ಬರಿಗೊಬ್ಬರು ಅಂಟಿಕೊಂಡು, ಅವರ ನಡುವೆ ಚೆಂಡು ಎತ್ತಿ ಹಿಡಿದ ಗುರುಪಾದಪ್ಪನವರು. ನೆಲ ಒಂದು ಸಲ ನಡುಗಿತು. ಮೂಡಲು ಮೆಲ್ಲಗೆ ಮೇಲೆದ್ದಿತು, ಪಡುವಲು ಇಳಿಯಿತು. ಎಲ್ಲ ಸಮವಾಯಿತು.

ಸಮವಾಯಿತು, ಆದರೆ ಇನ್ನೂರು ಜನ ಇಳಿದ ಕೊಳ! ನೀರು ನಾಲ್ಕೂ ದಡ ಒಟ್ಟಿಗೆ ತುಂಬಿ, ನಾಲ್ಕೂ ಕಡೆಗೆ ಹೊರಟಿತು. ಮಗುಚಿ ನುಗ್ಗಲಿಲ್ಲ, ಬೆರಳಗಲದ ತೆಳ್ಳಗಿನ ಹಾಳೆಯಂತೆ ಹುಲ್ಲಿನ ಮೇಲೆ ಹರಡಿಕೊಂಡು ಹೋಯಿತು. ಆದರೆ ಹೋಗುತ್ತಲೇ ಇತ್ತು. ಹಾಲಪ್ಪನವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ನೀರಿನ ಹಿಂದೆಯೇ ಒಂದೊಂದು ಗೇಟು ನೋಡಲು ಹೊರಟರು. ಮೊದಲು ಮೂಡಲು, ಆಮೇಲೆ ಬಡಗಲು, ಆಮೇಲೆ ಪಡುವಲು. ನಾನು ಹುಲ್ಲಿನಲ್ಲಿ ಗೋಲಿ ಹುಡುಕಿ ತಂದು ಹರಿವಾಣಕ್ಕೆ ಹಾಕಿ, ಕಂಬ ಹಿಡಿದು ನಿಂತೆ. ಗೋಲಿ ನಟ್ಟನಡುವೆ ನಿಂತಿತ್ತು.

ಗುರುಪಾದಪ್ಪನವರು ತೊಯ್ದು ತೊಪ್ಪೆಯಾಗಿ ಬಂದು ಪಕ್ಕದ ದಡದ ಮೇಲೆ ಕೂತರು. ಚೆಂಡು ಇನ್ನೂ ಕೈಯಲ್ಲೇ ಇತ್ತು. "ನಾಳೆ ಯಾವ ಕಡೆ ಕೂತ್ಕೊಳ್ಳಲಿ ಭಾಗೀರಥಮ್ಮ?" ಅಂದರು.

ನನಗೆ ಅಳು ಬಂದುಬಿಟ್ಟಿತು. "ನಾನು ನಿಮ್ಮ ತಮ್ಮನ ವಿಷಯ ಕೇಳ್ತಿದ್ದೆನಲ್ಲ, ಅದು ಬೇಕಂತಲೇ ಕೇಳಿದ್ದು. ನೆಲ ಏರ್ಲಿ ಅಂತ ಕೇಳಿದ್ದು. ತಪ್ಪಾಯ್ತು," ಅಂದೆ.

"ಗೊತ್ತಿತ್ತು ಕಣಮ್ಮ," ಅಂದರು ಅವರು, ಮುಖದ ನೀರು ಒರೆಸಿಕೊಳ್ಳುತ್ತಾ. "ನನ್ನಿಂದ ಪಾರ್ಕಿಗೆ ಏನೋ ಒಂದು ಉಪಯೋಗ ಆಗ್ತಿದೆಯಲ್ಲ ಅಂತ ಸುಮ್ನಿದ್ದೆ."

ನಾನು ಪುಸ್ತಕ ತೆಗೆದೆ. ಕೊನೆಯ ಹಾಳೆಯ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿ, ಹೊತ್ತು ಹಂಚುವ ಹಾಳೆಗೆ ಬಂದು, ಭಾನುವಾರ, ಮೂಡಲ ಕಡೆ, ಕ್ರಿಕೆಟ್, ಗುರುಪಾದಪ್ಪ ಅಂತ ಬರೆದೆ. ಹಾಳೆ ಒದ್ದೆಯಾಗಿತ್ತು, ಶಾಯಿ ಸ್ವಲ್ಪ ಹರಡಿತು. ಅವರು ಬಗ್ಗಿ ಎರಡು ಸಲ ಓದಿಕೊಂಡರು.

ಹಾಲಪ್ಪನವರು ಪಡುವಲ ಕಡೆಯಿಂದ ಸುತ್ತಿ ಕೊನೆಗೆ ತೆಂಕಲು ಗೇಟಿಗೆ ಬಂದರು. ಕೊಳದಲ್ಲಿದ್ದವರೆಲ್ಲ ಅತ್ತಲೇ ತಿರುಗಿದರು. ಮಸ್ತಾನ್ ತೇಲುವ ಲಾಡೊಂದನ್ನು ಹಿಡಿದುಕೊಂಡು ಹಾಗೇ ನಿಂತಿದ್ದ. ಹಾಲಪ್ಪನವರು ಬಗ್ಗಿ ಗೇಟಿನ ಹೊಸ್ತಿಲಿನ ಕಲ್ಲನ್ನು ಕೈಯಿಂದ ಸವರಿ ನೋಡಿದರು, ಬೀದಿಯನ್ನು ನೋಡಿದರು, ಎದ್ದು ನಿಂತರು.

"ನಾಲ್ಕೂ ಗೇಟು ಒಣಗಿದೆ!" ಅಂತ ಅಲ್ಲಿಂದಲೇ ಕೂಗಿದರು. "ಹುಲ್ಲೇ ಕುಡಿದುಬಿಡ್ತು ಕಣ್ರೀ ನೀರನ್ನೆಲ್ಲ!"

ಕೊಳದಲ್ಲಿ ಎದ್ದ ಗದ್ದಲ ಹೇಳತೀರದು. ಮೇಷ್ಟ್ರು ಮಸ್ತಾನನನ್ನು ಅಪ್ಪಿಕೊಂಡರು, ಈರುಳ್ಳಿ ಮಂಡಿಯವನು ಗುರುಪಾದಪ್ಪನವರ ಕಾಲಿಗೆ ಬಿದ್ದ. ನಾನು ಕುಣಿದೆನೋ ಏನೋ ನೆನಪಿಲ್ಲ. ಎಲ್ಲವೂ ನಡುವೆಯೇ ಆದ್ದರಿಂದ ನೆಲ ಅಲ್ಲಾಡಬಾರದಿತ್ತು. ಆದರೆ ನೋಡುತ್ತೇನೆ, ಗೋಲಿ ಮೆಲ್ಲಗೆ ಹೊರಟಿದೆ. ಮೂಡಲಿಗಲ್ಲ, ಪಡುವಲಿಗಲ್ಲ. ತೆಂಕಲಿಗೆ.

ತೆಂಕಲ ಕಡೆ ಇದ್ದವರು ಒಬ್ಬರೇ. ಪ್ಯಾಂಟು ಮೊಣಕಾಲವರೆಗೆ ಮಡಚಿ, ಬೂಟು ಒಂದು ಕೈಯಲ್ಲಿ, ಟೇಪು ಇನ್ನೊಂದು ಕೈಯಲ್ಲಿ, ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತ ಹಾಲಪ್ಪನವರು. ಮುಖ ಎಂದಿನ ಹಾಗೇ ಬಿಗಿದುಕೊಂಡಿತ್ತು. ಕಾಲಿನ ಬೆರಳು ಮಾತ್ರ ಹುಲ್ಲಿನೊಳಗೆ ಆಡುತ್ತಿದ್ದವು. ಅವರ ಬೆನ್ನ ಹಿಂದೆ ಕಂಬಗಳ ರಾಶಿಯಿಂದ ಒಂದು ಕಂಬ ಜಾರಿ, ಉರುಳಿಕೊಂಡು ಬೀದಿಯ ಇಳಿಜಾರಿನಲ್ಲಿ ಹೋಯಿತು. ಅದರ ಹಿಂದೆ ಇನ್ನೊಂದು. ಅವರು ತಿರುಗಿಯೂ ನೋಡಲಿಲ್ಲ.

ನಾನು ಸೀಟಿ ಊದಿದೆ. ಎರಡೂ ಕೈ ಬಾಯಿಗೆ ಹಿಡಿದು, ದಿನಾ ಎಲ್ಲರಿಗೂ ಕೂಗುವ ಹಾಗೇ ಕೂಗಿದೆ.

"ಸಾರ್, ಸ್ವಲ್ಪ ಮಧ್ಯಕ್ಕೆ ಬನ್ನಿ! ಪಾರ್ಕು ನಿಮ್ ಕಡೆ ವಾಲ್ತಾ ಇದೆ!"